ಕನ್ನಡ ಅಕ್ಷರದ ತಿರುವು ಎಳೆಯೋಕೆ ಯಾವುದು ವಾಸಿ: ಇಲಸ್ಟ್ರೇಟರ್, ಕೋರಲ್ ಡ್ರಾ, ಇಂಕ್‌ಸ್ಕೇಪ್

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಇಂಕ್‌ಸ್ಕೇಪ್‌ಗೆ. ಹಾಗಂತ ಮಿಕ್ಕ ಎರಡನ್ನು ಬೈಯೋಕೆ ಕೂತಿಲ್ಲ. ಕಂಪ್ಯೂಟರಿನಲ್ಲಿ ಗೆರೆ, ಆಕಾರ ಬಿಡಿಸೋ ಈ ಮೂರು ಸಾಫ್ಟ್‌ವೇರ್‌ನಲ್ಲೂ ಕೆಲಸ ಮಾಡಿದ್ದೇನೆ. ಕೋರಲ್ ಡ್ರಾದಲ್ಲಂತೂ ಫ್ಲೆಕ್ಸ್ ಅಂಗಡಿಯಲ್ಲಿ ವರ್ಷಗಟ್ಟಲೆ ದುಡಿದಿದ್ದೇನೆ. ಆದರೆ ಸ್ವಂತ ದುಡ್ಡಲ್ಲಿ ಕಟರ್ ತಗೊಂಡು, ತುಮಕೂರಿನ ಸೋಮೇಶ್ವರಪುರಂ ಕಡೆ ಒಂದು ಮಳಿಗೆ ಹಿಡಿದು ರೇಡಿಯಂ ಕಟಿಂಗ್ (ಬಣ್ಣದ ಅಂಟುಹಾಳೆಯನ್ನು ಕಟರ್ ಮೆಷಿನ್ನಲ್ಲಿ ಅಕ್ಷರವಾಗಿ ಕುಯ್ಯೋ ಕೆಲಸ) ಶುರು ಮಾಡಿದ ಮೇಲೆ ಲೆಕ್ಕವೇ ಬೇರೆ ಆಯಿತು. ಬಾಡಿಗೆ, ಕರೆಂಟು, ರೇಡಿಯಂ ರೋಲು ಎಲ್ಲಾ ನನ್ನ ಜೇಬಿಂದಲೇ ಹೋಗಬೇಕು. ಸಾಫ್ಟ್‌ವೇರ್‌ಗೆ ಏನು ಉಳಿಯುತ್ತದೆ ಅಂತ ಆಮೇಲೆ ನೋಡಬೇಕು.

ನನ್ನದು ಅಕ್ಷರದ ಕೆಲಸ. ಲಾರಿ, ಟ್ರ್ಯಾಕ್ಟರ್, ಆಟೋ ಮೇಲಿನ ಹೆಸರು, ಅಂಗಡಿ ಗಾಜಿನ ಮೇಲಿನ ಬರಹ. ಎಡೆಯೂರು ನಮ್ಮ ಜಿಲ್ಲೆಯಲ್ಲೇ ಇರೋದರಿಂದ ‘ಶ್ರೀ ಸಿದ್ಧಲಿಂಗೇಶ್ವರ ಪ್ರಸನ್ನ’ ಅನ್ನೋದನ್ನು ಕಣ್ಣು ಮುಚ್ಚಿಕೊಂಡು ಕಟ್ ಮಾಡುವಷ್ಟು ಸಲ ಮಾಡಿದ್ದೇನೆ. ನಾಮಫಲಕದಲ್ಲಿ 60% ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತಲ್ಲ, ಆಮೇಲೆ ಬಿ.ಎಚ್. ರಸ್ತೆ, ಅಶೋಕ ರಸ್ತೆ ಕಡೆಯ ಅಂಗಡಿಯವರೂ ಬರೋಕೆ ಶುರು ಮಾಡಿದರು. ಅವರಲ್ಲಿ ಕೆಲವರಿಗೆ ಫಾಂಟು ಬೇಡ. ‘ಅಣ್ಣ, ಆ ಪಕ್ಕದೋನ ಬೋರ್ಡ್ ಥರಾ ಬೇಡ, ಪೇಂಟರ್ ಕೈಯಲ್ಲಿ ಬರೆದಂಗಿರಲಿ’ ಅನ್ನುತ್ತಾರೆ. ಅಲ್ಲಿಗೆ ಫಾಂಟ್ ಪಟ್ಟಿ ಮುಚ್ಚಿಟ್ಟು ತಿರುವು ಎಳೆಯಲೇಬೇಕು.

ಕನ್ನಡದಲ್ಲಿ ನೇರ ಗೆರೆ ಎಲ್ಲಿದೆ ಹೇಳಿ? ಇಂಗ್ಲಿಷಿನ ದೊಡ್ಡ ಅಕ್ಷರಗಳಲ್ಲಿ ಅರ್ಧಕ್ಕರ್ಧ ಸ್ಕೇಲ್ ಇಟ್ಟು ಎಳೆಯಬಹುದು. ನಮ್ಮ ಅ, ಲ, ಠ, ಳ ತೆಗೆದುಕೊಳ್ಳಿ. ತಲಕಟ್ಟಿನ ಹತ್ತಿರ ಒಂಚೂರು ಬಿಟ್ಟರೆ ಬರೀ ತಿರುವು. ಆ ತಿರುವಲ್ಲಿ ಸಣ್ಣ ಉಬ್ಬು ಇದ್ದರೂ ಅಕ್ಷರ ಸೊಟ್ಟಗೆ ಕಾಣುತ್ತದೆ. ಅದಕ್ಕೇ ಲೇಯರ್, ಎಫೆಕ್ಟ್, ಟೆಂಪ್ಲೇಟ್ ಇವೆಲ್ಲ ಇಲ್ಲಿ ಹೇಳೋಕೆ ಹೋಗಲ್ಲ. ತಿರುವು ಹೇಗೆ ಬರುತ್ತದೆ, ಅಷ್ಟೇ.

ಮೂರು ಸಾಫ್ಟ್‌ವೇರ್ ಒಳಗೂ ಕೊನೆಗೆ ಉಳಿಯೋದು ಒಂದೇ ಥರದ ಗೆರೆ, ಬೆಜಿಯೆ ಕರ್ವ್. ಎರಡು ತುದಿಗೆ ಎರಡು ನೋಡ್ (ಚುಕ್ಕಿ), ಒಂದೊಂದು ನೋಡಿಗೂ ಒಂದೊಂದು ಹ್ಯಾಂಡಲ್ (ಹಿಡಿದು ಎಳೆಯೋ ಕಡ್ಡಿ). ಹ್ಯಾಂಡಲ್ ಎಳೆದ ಕಡೆಗೆ ಗೆರೆ ಬಾಗುತ್ತದೆ. ಇದು ಹುಟ್ಟಿದ್ದು ಫ್ರಾನ್ಸಿನ ಕಾರ್ ಕಂಪನಿಗಳಲ್ಲಿ. ಸಿಟ್ರೊಯೆನ್‌ನ ಪಾಲ್ ದ ಕಾಸ್ತೆಲ್ಜೊ 1959ರಲ್ಲೇ ಇದರ ಲೆಕ್ಕ ಹಾಕಿದ್ದರು. ಕಂಪನಿ ಅದನ್ನು ಗುಟ್ಟಾಗಿ ಇಟ್ಟುಕೊಂಡಿತು. ರೆನೋದ ಪಿಯೆರ್ ಬೆಜಿಯೆ 1960ರ ದಶಕದಲ್ಲಿ ಹೊರಗೆ ತಿಳಿಸಿದರು, ಹೆಸರು ಅವರದೇ ಉಳಿಯಿತು. ಕಾರಿನ ಮೈ ಆಕಾರಕ್ಕೆ ಅಂತ ಮಾಡಿದ ಲೆಕ್ಕದಲ್ಲಿ ನಾವು ಈಗ ಟ್ರ್ಯಾಕ್ಟರ್ ಮೇಲೆ ಹೆಸರು ಬರೆಯುತ್ತಿದ್ದೇವೆ.

ಗೆರೆ ಒಂದೇ ಆದ ಮೇಲೆ ವ್ಯತ್ಯಾಸ ಇರೋದು ಅಲ್ಲಿಗೆ ತಲುಪುವ ದಾರಿಯಲ್ಲಿ. ಯಾವುದರಲ್ಲಿ ಕೆಲಸ ಮಾಡಿದರೂ ಒಂದು ಪದ್ಧತಿ ಇಟ್ಟುಕೊಂಡರೆ ಒಳ್ಳೆಯದು. ತಿರುವಿನ ತೀರಾ ಮೇಲೆ, ತೀರಾ ಕೆಳಗೆ, ತೀರಾ ಎಡಕ್ಕೆ, ತೀರಾ ಬಲಕ್ಕೆ ಎಲ್ಲಿ ಬರುತ್ತದೋ ಅಲ್ಲಿ ಮಾತ್ರ ನೋಡ್ ಇಡಬೇಕು. ಹ್ಯಾಂಡಲ್ ಅಡ್ಡಕ್ಕೆ ಇಲ್ಲಾ ಉದ್ದಕ್ಕೆ ನೇರವಾಗಿರಬೇಕು. ಫಾಂಟ್ ಮಾಡುವವರೆಲ್ಲ ಹೀಗೇ ಮಾಡೋದು. ಒಂದು ಸೊನ್ನೆಗೆ ನಾಲ್ಕೇ ನೋಡ್ ಸಾಕು. ಹ್ಯಾಂಡಲ್ ಉದ್ದ ರೇಡಿಯಸ್‌ನ ಸುಮಾರು 55% ಇಟ್ಟರೆ ಕಂಪಾಸಲ್ಲಿ ಎಳೆದ ವೃತ್ತಕ್ಕೂ ಅದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಲ್ಲ.

ಇನ್ನು ಇಲಸ್ಟ್ರೇಟರ್. ಮ್ಯಾಕ್‌ನಲ್ಲಿ 1987ರಲ್ಲಿ ಬಂದದ್ದು, ಗೆರೆ ಎಳೆಯೋ ಪೆನ್ ಟೂಲ್ ಅಂದರೆ ಹೀಗಿರಬೇಕು ಅಂತ ಲೋಕಕ್ಕೆ ಅಭ್ಯಾಸ ಮಾಡಿಸಿದ್ದೇ ಅದು. ಅದರ ಪೆನ್ನಲ್ಲಿ ಕ್ಲಿಕ್ ಮಾಡಿ ಎಳೆದಾಗ ಎರಡೂ ಕಡೆ ಹ್ಯಾಂಡಲ್ ಒಟ್ಟಿಗೆ ಬರುತ್ತದೆ. ಅಂದರೆ ಮುಂದಿನ ತಿರುವು ಎಷ್ಟು ಬಾಗಬೇಕು ಅನ್ನೋದನ್ನು ಆ ತಿರುವು ಹುಟ್ಟುವ ಮೊದಲೇ ಅಂದಾಜು ಮಾಡಿ ಎಳೆಯಬೇಕು. ಕೈ ಪಳಗಿದವರಿಗೆ ಇದು ಸಲೀಸು. ನನಗೆ ಪ್ರತಿ ನೋಡಿಗೂ ಆಲ್ಟ್ ಒತ್ತಿ ಹ್ಯಾಂಡಲ್ ಮುರಿಯೋದು, ಮತ್ತೆ ಕೂಡಿಸೋದು, ಇದರಲ್ಲೇ ಹೊತ್ತು ಹೋಗುತ್ತಿತ್ತು.

ಅದರಲ್ಲೇ ಕರ್ವೇಚರ್ ಟೂಲ್ ಅಂತ ಇನ್ನೊಂದಿದೆ. ಹ್ಯಾಂಡಲ್ ಚಿಂತೆ ಇಲ್ಲ. ಪಾಯಿಂಟ್ ಇಡುತ್ತಾ ಹೋದರೆ ಗೆರೆ ತಾನೇ ಬಾಗುತ್ತದೆ. ಮೂಲೆ ಬೇಕಾದರೆ ಡಬಲ್ ಕ್ಲಿಕ್. ಇದು ನಿಜವಾಗಿಯೂ ಚೆನ್ನಾಗಿದೆ, ಹೊಸಬರು ಇದರಿಂದಲೇ ಶುರು ಮಾಡಬಹುದು. ನನಗೆ ಒಂದೇ ತಕರಾರು. ಪಾಯಿಂಟ್‌ಗಳ ನಡುವಿನ ದೂರ ಒಂದೇ ಸಮ ಇಲ್ಲದಿದ್ದರೆ ತಿರುವು ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ‘ಅ’ ಅಕ್ಷರದ ಒಳಸುರುಳಿಯಲ್ಲಿ ದೂರ ಸಮ ಇರೋಕೆ ಸಾಧ್ಯವೇ ಇಲ್ಲ. ಒಳಗೆ ಹೋದ ಹಾಗೆ ಹತ್ತಿರ ಹತ್ತಿರ ಆಗಲೇಬೇಕು.

ವಿಡ್ತ್ ಟೂಲ್ ಮಾತ್ರ ಸೂಪರ್. ಗೆರೆ ಎಳೆದು, ಬೇಕಾದ ಕಡೆ ಹಿಡಿದು ದಪ್ಪ ಮಾಡಬಹುದು, ಬೇಕಾದ ಕಡೆ ಸಣ್ಣ. ಚಪ್ಪಟೆ ಬ್ರಷ್ಷಲ್ಲಿ ಬರೆದ ಅಕ್ಷರದ ಏರಿಳಿತ ಇದರಲ್ಲಿ ಬಂದಷ್ಟು ಬೇಗ ಬೇರೆಲ್ಲೂ ಬರಲ್ಲ. ಇಂಕ್‌ಸ್ಕೇಪ್‌ನಲ್ಲಿ ಪವರ್ ಸ್ಟ್ರೋಕ್ ಅಂತ ಅದೇ ಕೆಲಸದ್ದು ಇದೆ, ಇಷ್ಟು ನಾಜೂಕಿಲ್ಲ.

ಇಲಸ್ಟ್ರೇಟರ್ ಬಿಟ್ಟಿದ್ದು ದುಡ್ಡಿಗೆ. 2013ರಿಂದ ಹೊಸ ವರ್ಷನ್‌ಗಳೆಲ್ಲ ಚಂದಾದಲ್ಲೇ. ಒಂದು ಸಲ ಕೊಟ್ಟು ತಗೊಂಡುಬಿಡೋ ದಾರಿ ಮುಚ್ಚಿತು. ಕೆಲಸ ಇರಲಿ, ಬಿಡಲಿ, ತಿಂಗಳಿಗೆ ಇಷ್ಟು ಅಂತ ಕಟ್ಟಬೇಕು. ಆಯುಧಪೂಜೆ ಮುಂದೆ, ಯುಗಾದಿ ಮುಂದೆ ನನಗೆ ಕೈತುಂಬ ಕೆಲಸ. ಆಷಾಢದಲ್ಲಿ ಹೊಸ ಗಾಡಿ ತಗೊಳ್ಳೋರೇ ಇರಲ್ಲ. ಇಂಥ ಆದಾಯಕ್ಕೆ ತಿಂಗಳ ಕಂತು ಹೊಂದಲ್ಲ. ಬೆಂಗಳೂರಲ್ಲಿ ಕಂಪನಿ ಕೆಲಸ ಇರೋರಿಗೆ ಈ ಮಾತು ಅನ್ವಯಿಸಲ್ಲ, ಅಲ್ವಾ.

ಕೋರಲ್ ಡ್ರಾ ಬಗ್ಗೆ ಮಾತಾಡುವಾಗ ಸ್ವಲ್ಪ ಮಮತೆ ಬರುತ್ತದೆ. ಕೆನಡಾದ ಕಂಪನಿಯದು, 1989ರಿಂದ ಇದೆ. ನಮ್ಮೂರಿನ ಫ್ಲೆಕ್ಸ್, ಲಗ್ನಪತ್ರಿಕೆ, ರಬ್ಬರ್ ಸ್ಟ್ಯಾಂಪು, ಎಲ್ಲಾ ಕಡೆ ಅದೇ ನಡೆಯೋದು. ಮಂಡಿಪೇಟೆ ಸುತ್ತ ಯಾವ ಅಂಗಡಿಗೆ ಹೋಗಿ ‘ಫೈಲ್ ಕೊಡಿ’ ಅಂದರೂ ಕೈಗೆ ಬರೋದು ಸಿಡಿಆರ್, ಅಂದರೆ ಕೋರಲ್‌ನ ಫೈಲು. ಹುಡುಗರು ಕೆಲಸಕ್ಕೆ ಬೇಕು ಅಂದರೆ ಕೋರಲ್ ಗೊತ್ತಿರೋರು ಸಿಗುತ್ತಾರೆ, ಇಂಕ್‌ಸ್ಕೇಪ್ ಗೊತ್ತಿರೋರು ಸಿಗಲ್ಲ.

ತಿರುವಿನ ವಿಷಯದಲ್ಲಿ ಕೋರಲ್‌ನ ಶಕ್ತಿ ಶೇಪ್ ಟೂಲ್. ಎಫ್10 ಒತ್ತಿದರೆ ಸಾಕು. ನಾನು ಅಲ್ಲಿ ಎಳೆಯುತ್ತಿದ್ದ ರೀತಿ ಹೀಗೆ: ಮೊದಲು ಅಕ್ಷರವನ್ನು ನೇರ ಗೆರೆಗಳಲ್ಲಿ ಮೂಲೆ ಮೂಲೆಯಾಗಿ ಹಾಕಿಬಿಡೋದು. ಆಮೇಲೆ ಎಲ್ಲಾ ನೋಡ್ ಹಿಡಿದು ಗೆರೆಯನ್ನು ಕರ್ವ್ ಮಾಡೋದು. ಕೊನೆಗೆ ಹ್ಯಾಂಡಲ್ ಮುಟ್ಟದೆ ಗೆರೆಯನ್ನೇ ಹಿಡಿದು ಎಳೆದು ಬಾಗಿಸೋದು. ಫ್ಲೆಕ್ಸ್ ಅಂಗಡಿಯ ಬಹುಪಾಲು ಹುಡುಗರು ಹೀಗೇ ಮಾಡುತ್ತಾರೆ. ಬೇಗ ಆಗುತ್ತದೆ. ಆದರೆ ಗೆರೆ ಹಿಡಿದು ಎಳೆದಾಗ ಎರಡು ಕಡೆಯ ಹ್ಯಾಂಡಲ್ ಉದ್ದ ತಾನೇ ಬದಲಾಗುತ್ತದೆ. ನೋಡ್ ಸ್ಮೂತ್ ಅಂತ ಮಾಡಿಕೊಂಡಿರದಿದ್ದರೆ ಅಲ್ಲಿ ಸಣ್ಣ ಮಡಿಕೆ ಉಳಿಯುತ್ತದೆ. ಹತ್ತು ಅಡಿ ಫ್ಲೆಕ್ಸಿನಲ್ಲಿ ಹಿಂದೆ ಫೋಟೋ, ಗ್ರೇಡಿಯಂಟ್, ನೆರಳು ಇದ್ದಾಗ ಯಾರೂ ನೋಡಲ್ಲ. ಕಪ್ಪು ಗಾಜಿನ ಮೇಲೆ ಬಿಳಿ ರೇಡಿಯಂ ಅಂಟಿಸಿದಾಗ ಮೊದಲು ಕಾಣೋದೇ ಅದು.

ಕೋರಲ್‌ನ ವೆಲ್ಡ್ (ಆಕಾರಗಳನ್ನು ಸೇರಿಸಿ ಒಂದು ಮಾಡೋದು) ಬಗ್ಗೆ ಮುಂದೆ ಹೇಳುತ್ತೇನೆ, ಅದರಲ್ಲಿ ಅದನ್ನು ಮೀರಿಸೋರಿಲ್ಲ. ಬೆಲೆ ಮಾತ್ರ ನನ್ನಂಥ ಒಬ್ಬನೇ ನಡೆಸೋ ಅಂಗಡಿಗೆ ಭಾರ. ಕದ್ದ ಕಾಪಿ ಹಾಕಿಕೊಂಡು ಸ್ವಂತ ಅಂಗಡಿ ನಡೆಸೋದು ನನಗೆ ಬೇಕಿರಲಿಲ್ಲ.

ಈಗ ನನ್ನ ಇಂಕ್‌ಸ್ಕೇಪ್. 2003ರಲ್ಲಿ ಸೋಡಿಪೋಡಿ ಅನ್ನೋ ಇನ್ನೊಂದು ಮುಕ್ತ ತಂತ್ರಾಂಶದಿಂದ ಕವಲೊಡೆದು ಹುಟ್ಟಿದ್ದು. 1.0 ಅಂತ ಹೇಳಿಕೊಳ್ಳೋಕೆ 2020ರ ತನಕ ತಗೊಂಡರು. ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ನನ್ನ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿದ್ದೇನೆ, ಅದರಲ್ಲಿ ಮಿಕ್ಕ ಎರಡು ನಡೆಯೋದೇ ಇಲ್ಲ.

ಫ್ಲೆಕ್ಸ್ ಅಂಗಡಿ ಅಣ್ಣನಿಗೆ ಹೇಳಿದಾಗ ನಕ್ಕುಬಿಟ್ಟರು. ‘ಕೋರಲ್ ಕೈಗೆ ಕೂತಿದೆ, ಸುಮ್ನೆ ಯಾಕಪ್ಪ ಆ ಫ್ರೀ ಗೀದು?’ ಅಂದರು. ಉಚಿತ ಅನ್ನೋದು ಒಂದು ಕಾರಣ, ಇಲ್ಲ ಅನ್ನಲ್ಲ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ಸ್ಪೈರೋ.

ಇಂಕ್‌ಸ್ಕೇಪ್‌ನ ಪೆನ್ ತೆಗೆದಾಗ, ಅಂದರೆ ಬಿ ಒತ್ತಿದಾಗ, ಮೇಲೆ ಮೋಡ್ ಅಂತ ಕೆಲವು ಗುಂಡಿ ಬರುತ್ತವೆ. ಮೊದಲನೆಯದು ಮಾಮೂಲಿ ಬೆಜಿಯೆ. ಎರಡನೆಯದು ಸ್ಪೈರೋ. ಅದರಲ್ಲಿ ಹ್ಯಾಂಡಲ್ ಕೆಲಸವೇ ಇಲ್ಲ. ಚುಕ್ಕಿ ರಂಗೋಲಿಯಲ್ಲಿ ಚುಕ್ಕಿ ಇಟ್ಟು ಎಳೆ ಎಳೆದ ಹಾಗೆ, ಅಕ್ಷರ ಹಾದುಹೋಗುವ ಜಾಗದಲ್ಲಿ ಪಾಯಿಂಟ್ ಇಟ್ಟರೆ ಸಾಕು. ಕರ್ವೇಚರ್ ಟೂಲಿಗೂ ಇದಕ್ಕೂ ಏನು ವ್ಯತ್ಯಾಸ ಅಂದರೆ, ಇಲ್ಲಿ ಬಾಗು ಥಟ್ಟನೆ ಬದಲಾಗಲ್ಲ. ಸ್ವಲ್ಪ ಸ್ವಲ್ಪವೇ ಹೆಚ್ಚುತ್ತಾ, ಸ್ವಲ್ಪ ಸ್ವಲ್ಪವೇ ಇಳಿಯುತ್ತಾ ಹೋಗುತ್ತದೆ. ಇದರ ಹಿಂದಿರೋದು ಯೂಲರ್ ಸುರುಳಿ. ರೈಲು ಹಳಿ ನೇರದಿಂದ ತಿರುವಿಗೆ ಹೋಗುವಾಗ ಬೋಗಿ ಜರ್ಕ್ ಹೊಡೆಯಬಾರದು ಅಂತ ಎಂಜಿನಿಯರುಗಳು ಬಳಸುವ ತಿರುವೂ ಇದೇ. ರಾಫ್ ಲೆವಿಯನ್ ಅನ್ನುವವರು ಫಾಂಟ್ ಮಾಡೋಕೆ ಅಂತಲೇ ಇದನ್ನು ಬೆಳೆಸಿದರು, 2009ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಇದರ ಮೇಲೇ ಪಿಎಚ್‌.ಡಿ. ಮುಗಿಸಿದರು. ಕೋಡ್ ಬರೆಯೋರು ಬಳಸೋ ಇನ್‌ಕನ್ಸೊಲಾಟ ಫಾಂಟ್ ಅವರು ಸ್ಪೈರೋದಲ್ಲೇ ಬಿಡಿಸಿದ್ದು.

‘ಅ’ದ ಒಳಸುರುಳಿ ಅಂದೆನಲ್ಲ, ಸ್ಪೈರೋದಲ್ಲಿ ಅದು ಸುಮ್ಮನೆ ಬಂದು ಕೂರುತ್ತದೆ. ‘ಲ’ದ ಹೊಟ್ಟೆ, ‘ಳ’ದ ಬಾಲ, ಕೊಂಬಿನ ತಿರುವು, ಎಲ್ಲಾ ಹಾಗೇ. ಪೇಂಟರ್ ಕೈ ಎಲ್ಲಿ ನಿಧಾನ ಆಗುತ್ತದೆ, ಎಲ್ಲಿ ಬೀಸಿ ಹೋಗುತ್ತದೆ, ಆ ಓಟ ಗೆರೆಯಲ್ಲಿ ಕಾಣುತ್ತದೆ. ಮೂಲೆ ಬೇಕಾದ ಕಡೆ ನೋಡ್ ಟೂಲಿಗೆ ಹೋಗಿ, ಆ ನೋಡ್ ಹಿಡಿದು ಶಿಫ್ಟ್ + ಸಿ. ಮತ್ತೆ ನಯ ಬೇಕಾದರೆ ಶಿಫ್ಟ್ + ಎಸ್.

ಸ್ಪೈರೋಗೂ ಹುಚ್ಚು ಹಿಡಿಯೋದಿದೆ. ಪಾಯಿಂಟ್ ಅಡ್ಡಾದಿಡ್ಡಿ ಇಟ್ಟರೆ ಗೆರೆ ಎಲ್ಲೋ ಹೋಗಿ ಗಂಟು ಹಾಕಿಕೊಂಡು ಬರುತ್ತದೆ. ಒಂದು ಪಾಯಿಂಟ್ ಸರಿಸಿದರೆ ಅದರ ಪಕ್ಕದ್ದಲ್ಲದೆ ದೂರದ ತಿರುವೂ ಅಲುಗಾಡುತ್ತದೆ. ಮದ್ದು ಸುಲಭ. ತಲಕಟ್ಟು ಮೈಗೆ ಸೇರುವ ಕಡೆ ಹೇಗೂ ಮೂಲೆ ಇರುತ್ತದಲ್ಲ, ಅಲ್ಲಿ ಮೂಲೆ ನೋಡ್ ಹಾಕಿಬಿಟ್ಟರೆ ಅಲುಗಾಟ ಅಲ್ಲಿಗೇ ನಿಲ್ಲುತ್ತದೆ. ಆಕಾರ ಒಪ್ಪಿಗೆ ಆದ ಮೇಲೆ ಆಬ್ಜೆಕ್ಟ್ ಟು ಪಾತ್ ಮಾಡಿದರೆ ಮಾಮೂಲಿ ಬೆಜಿಯೆ ಆಗುತ್ತದೆ. ನಾನಿಟ್ಟ ಪಾಯಿಂಟಿಗಿಂತ ಜಾಸ್ತಿ ನೋಡ್ ಬರುತ್ತವೆ. ಅದು ಪರವಾಗಿಲ್ಲ, ತಿರುವು ಕೆಡಲ್ಲ.

ಪರವಾಗಿಲ್ಲ ಅನ್ನೋಕಾಗದ ಕಾಟ ಒಂದಿದೆ. ಯೂನಿಯನ್.

‘ಶ್ರೀ’ ತೆಗೆದುಕೊಳ್ಳಿ. ಶ ಒಂದು ಆಕಾರ, ಕೆಳಗಿನ ರ-ಒತ್ತು ಒಂದು ಆಕಾರ, ಮೇಲಿನ ಗುಡಿಸು, ಪಕ್ಕದ ದೀರ್ಘ. ಸ್ಕ್ರೀನಿನ ಮೇಲೆ ಎಲ್ಲಾ ಒಂದೇ ಕಪ್ಪು, ಒಂದರ ಮೇಲೊಂದು ಕೂತಿದ್ದರೂ ಗೊತ್ತಾಗಲ್ಲ. ಕಟರ್‌ಗೆ ಬಣ್ಣ ಕಾಣಲ್ಲ, ಅಂಚು ಮಾತ್ರ ಕಾಣೋದು. ಒತ್ತಿನ ಅಂಚು ಶ ಒಳಗೆ ಎಷ್ಟು ನುಗ್ಗಿದೆಯೋ ಅಷ್ಟೂ ಬ್ಲೇಡ್ ಕುಯ್ದುಬಿಡುತ್ತದೆ. ಬೇಡದ ರೇಡಿಯಂ ಕಿತ್ತು, ಟೇಪ್ ಹಾಕಿ ಎತ್ತಿದಾಗ ಅಕ್ಷರ ಚೂರು ಚೂರು. ಅದಕ್ಕೆ ಕಟ್ ಮಾಡುವ ಮೊದಲು ಎಲ್ಲಾ ಸೇರಿಸಿ ಒಂದೇ ಅಂಚು ಮಾಡಬೇಕು. ಕೋರಲ್‌ನಲ್ಲಿ ವೆಲ್ಡ್, ಇಲಸ್ಟ್ರೇಟರ್‌ನಲ್ಲಿ ಯುನೈಟ್, ಇಂಕ್‌ಸ್ಕೇಪ್‌ನಲ್ಲಿ ಯೂನಿಯನ್. ಇಂಗ್ಲಿಷ್ ಬೋರ್ಡ್ ಮಾಡೋರಿಗೆ ಇದು ಅಪರೂಪದ ಕೆಲಸ. ನಮಗೆ ಒತ್ತಕ್ಷರ ಇದ್ದಲ್ಲೆಲ್ಲ ಬರುತ್ತದೆ. ‘ಪ್ರಸನ್ನ’ ಒಂದರಲ್ಲೇ ಎರಡು ಕಡೆ.

ಕೋರಲ್‌ನಲ್ಲಿ ವೆಲ್ಡ್ ಮಾಡಿದರೆ ಎರಡು ಆಕಾರ ಕತ್ತರಿಸಿಕೊಂಡ ಜಾಗದಲ್ಲಿ ಹೊಸ ನೋಡ್ ಬರುತ್ತದೆ, ಮಿಕ್ಕ ತಿರುವು ಇದ್ದ ಹಾಗೇ ಇರುತ್ತದೆ. ಇಂಕ್‌ಸ್ಕೇಪ್‌ನ ಯೂನಿಯನ್ ಹಾಗಲ್ಲ. ಕತ್ತರಿಸಿಕೊಳ್ಳದೇ ಇರೋ ಜಾಗದಲ್ಲೂ ಹೊಸ ನೋಡ್ ಬಂದು ಕೂರುತ್ತವೆ. ಇದ್ದ ನೋಡ್ ಕೂದಲೆಳೆಯಷ್ಟು ಜರುಗಿರುತ್ತದೆ. ಹ್ಯಾಂಡಲ್ ಉದ್ದ ಬದಲಾಗಿರುತ್ತದೆ. ಸ್ಪೈರೋದಲ್ಲಿ ಮುದ್ದು ಮಾಡಿ ಎಳೆದ ಉದ್ದ ತಿರುವಿನ ನಡುವೆ ಒಂದು ಸಣ್ಣ ಉಬ್ಬು. ಸ್ಕ್ರೀನಿನಲ್ಲಿ ಗೊತ್ತಾಗಲ್ಲ. ಎರಡಡಿ ಅಕ್ಷರ ಮಾಡಿ ಲಾರಿ ಗಾಜಿಗೆ ಅಂಟಿಸಿ, ಬಿಸಿಲಲ್ಲಿ ಓರೆಯಾಗಿ ನಿಂತು ನೋಡಿದರೆ ಗೊತ್ತಾಗುತ್ತದೆ.

ಯಾಕೆ ಹೀಗೆ ಅಂದರೆ, ಯೂನಿಯನ್ ಹಿಂದಿರುವ ಹಳೇ ಕೋಡ್ ತಿರುವನ್ನು ತಿರುವಾಗಿ ನೋಡಲ್ಲ. ಮೊದಲು ಸಣ್ಣ ಸಣ್ಣ ನೇರ ಗೆರೆ ಮಾಡಿಕೊಳ್ಳುತ್ತದೆ. ಯಾವುದು ಯಾವುದರ ಒಳಗಿದೆ ಅಂತ ಲೆಕ್ಕ ಹಾಕುತ್ತದೆ. ಆಮೇಲೆ ಆ ತುಂಡುಗಳ ಮೇಲೆ ಹೊಸದಾಗಿ ಬೆಜಿಯೆ ಹೊಂದಿಸುತ್ತದೆ. ಹೊಂದಿಸಿದ್ದು ಮೂಲಕ್ಕೆ ಹತ್ತಿರ ಇರುತ್ತದೆ, ಅದೇ ಆಗಿರಲ್ಲ.

ಇದಕ್ಕೆ ನಾನು ಮಾಡೋದು ಕೆಲವು ಉಪಾಯ. ಒಂದು, ಯೂನಿಯನ್ ಮಾಡುವ ಮೊದಲು ಇಡೀ ಬರಹವನ್ನು ಹತ್ತು ಪಟ್ಟು ದೊಡ್ಡದು ಮಾಡೋದು, ಆಮೇಲೆ ಮತ್ತೆ ಚಿಕ್ಕದು ಮಾಡೋದು. ಆ ಜರುಗಾಟದ ಪ್ರಮಾಣ ಅಷ್ಟೇ ಇದ್ದು ಅಕ್ಷರ ದೊಡ್ಡದಾಗಿರೋದರಿಂದ, ಇಳಿಸಿದ ಮೇಲೆ ತಪ್ಪು ಹತ್ತರಲ್ಲಿ ಒಂದು ಭಾಗ. ಕೇಳೋಕೆ ತಮಾಷೆ, ಕೆಲಸ ಮಾಡುತ್ತದೆ. ಇನ್ನೊಂದು, 2023ರಲ್ಲಿ ಬಂದ 1.3 ವರ್ಷನ್‌ನಲ್ಲಿ ಶೇಪ್ ಬಿಲ್ಡರ್ ಅಂತ ಟೂಲ್ ಕೊಟ್ಟಿದ್ದಾರೆ. ಎಲ್ಲಾ ಸೆಲೆಕ್ಟ್ ಮಾಡಿ, ಸೇರಬೇಕಾದ ತುಂಡುಗಳ ಮೇಲೆ ಮೌಸ್ ಎಳೆದುಕೊಂಡು ಹೋದರೆ ಒಂದಾಗುತ್ತವೆ. ನನ್ನ ಅನುಭವದಲ್ಲಿ ಇದರಲ್ಲಿ ತಿರುವು ಯೂನಿಯನ್‌ನಷ್ಟು ಕೆಡಲ್ಲ. ಉದ್ದದ ಬರಹಕ್ಕೆ ಸ್ವಲ್ಪ ನಿಧಾನ. ಒಂದೊಂದೇ ಅಕ್ಷರ ತೆಗೆದುಕೊಂಡರೆ ಸರಿ.

ಸಿಂಪ್ಲಿಫೈ ಮಾತ್ರ ಮಾಡಬೇಡಿ. ಕಂಟ್ರೋಲ್ + ಎಲ್ ಒತ್ತಿದರೆ ನೋಡ್ ಕಡಿಮೆ ಆಗುತ್ತದೆ ನಿಜ, ಅದರ ಜೊತೆ ಮೂಲೆಗಳೂ ಕರಗುತ್ತವೆ. ತಲಕಟ್ಟಿನ ಚೂಪು ಹೋಗಿ ಸಾಬೂನು ತುಂಡಾಗುತ್ತದೆ. ಬೇಡದ ನೋಡನ್ನು ಒಂದೊಂದೇ ಹಿಡಿದು ಡಿಲೀಟ್ ಮಾಡೋದು ವಾಸಿ. ಪಕ್ಕದ ತಿರುವನ್ನು ಆದಷ್ಟು ಉಳಿಸಿಕೊಂಡೇ ಅದು ನೋಡ್ ತೆಗೆಯುತ್ತದೆ.

ಮತ್ತೆ ಮತ್ತೆ ಬರುವ ಪದಗಳಿಗೆ ನಾನು ಯೂನಿಯನ್ ಗೊಡವೆಗೇ ಹೋಗಲ್ಲ. ‘ಶ್ರೀ’, ‘ಪ್ರಸನ್ನ’, ‘ಸ್ವಾಮಿ’, ‘ಲಕ್ಷ್ಮಿ’, ‘ಕೃಪೆ’ ಇವನ್ನೆಲ್ಲ ಒಂದೇ ಅಂಚಾಗಿ ನಿಧಾನಕ್ಕೆ ಎಳೆದು, ಬೇಡದ ನೋಡ್ ತೆಗೆದು, ಒಂದು ಫೈಲಲ್ಲಿ ಇಟ್ಟುಕೊಂಡಿದ್ದೇನೆ. ಗಾಡಿ ಮೇಲೆ ಬರೆಸೋ ಹೆಸರುಗಳು ಎಷ್ಟು ಥರ ಇದ್ದಾವು ಹೇಳಿ. ಹೊಸದಾಗಿ ಎಳೆಯಬೇಕಾದ್ದು ಮಕ್ಕಳ ಹೆಸರು ಮಾತ್ರ. ಅದೂ ಈಗೀಗ ಯಾರೂ ಕೇಳಿರದ ಹೆಸರು ಇಡುತ್ತಾರೆ, ನನಗೆ ಕೆಲಸ.

ತಿರುವು ಕಟರ್‌ಗೆ ಹೋಗುವ ದಾರಿಯಲ್ಲೂ ಕೆಡುತ್ತದೆ, ಇದನ್ನು ಬಹಳ ಜನ ಗಮನಿಸಲ್ಲ. ಕಟರ್ ಜೊತೆ ಒಂದು ಸಾಫ್ಟ್‌ವೇರ್ ಬಂದಿತ್ತು. ಅದು ಡಿಎಕ್ಸ್‌ಎಫ್ ಅನ್ನೋ ಥರದ ಫೈಲು ಓದುವಾಗ ತಿರುವನ್ನು ಒರಟು ಗೆರೆಗಳಾಗಿ ತುಂಡು ಮಾಡುತ್ತಿತ್ತು. ಸೊನ್ನೆ ಹೋಗಿ ಪೈಸೆ ನಾಣ್ಯದ ಹಾಗೆ ಮೂಲೆ ಮೂಲೆ. ಅದನ್ನು ಬಿಟ್ಟು ಈಗ ಇಂಕ್‌ಸ್ಕೇಪ್‌ನಿಂದಲೇ ಎಚ್‌ಪಿಜಿಎಲ್ ತೆಗೆಯುತ್ತೇನೆ. ಬ್ಲೇಡ್ ಎಲ್ಲಿಗೆ ಹೋಗಬೇಕು ಅಂತ ಕಟರ್‌ಗೆ ಹೇಳೋ ಭಾಷೆ ಇದು. ಇದರ ಒಂದು ಅಳತೆ 0.025 ಮಿ.ಮೀ., ಅಂದರೆ ಒಂದು ಇಂಚಿಗೆ 1016. ಇಲ್ಲೂ ತಿರುವು ಗೆರೆ ತುಂಡುಗಳಾಗೇ ಹೋಗೋದು. ಆದರೆ ಎಷ್ಟು ಸಣ್ಣ ತುಂಡು ಅನ್ನೋದು ನಮ್ಮ ಕೈಯಲ್ಲಿ. ಕರ್ವ್ ಫ್ಲ್ಯಾಟ್‌ನೆಸ್ ಅಂತ ಒಂದು ಅಂಕಿ ಇದೆ, ತಾನಾಗಿ 1.2 ಇರುತ್ತದೆ. ಕಡಿಮೆ ಮಾಡಿದಷ್ಟೂ ನಯ. ತೀರಾ ಕಡಿಮೆ ಮಾಡಿದರೆ ಬ್ಲೇಡ್ ಹೆಜ್ಜೆ ಹೆಜ್ಜೆಗೂ ತಡವರಿಸಿ ರೇಡಿಯಂ ಅಂಚು ಪಿಸಿಯುತ್ತದೆ. ನನಗೆ ಇದ್ದ ಅಂಕಿಯೇ ಸಾಕು. ಅಲ್ಲೇ ಓವರ್‌ಕಟ್ ಇದೆ, 1 ಮಿ.ಮೀ. ಅಕ್ಷರದ ಅಂಚು ಶುರುವಾದ ಜಾಗ ದಾಟಿ ಅಷ್ಟು ಮುಂದೆ ಕುಯ್ಯುತ್ತದೆ. ಹಾಗಾಗಿ ಕೀಳುವಾಗ ತುದಿ ಹಿಡಿದುಕೊಳ್ಳಲ್ಲ.

ಫಾಂಟ್ ಸಾಕು ಅನ್ನೋ ಗಿರಾಕಿಗೂ ಇಂಕ್‌ಸ್ಕೇಪ್ ಅನುಕೂಲ. ವಾಟ್ಸಾಪಿನಲ್ಲಿ ಬಂದ ಕನ್ನಡವನ್ನು ಹಾಗೇ ಅಂಟಿಸಿದರೆ ಒತ್ತು, ದೀರ್ಘ ಎಲ್ಲಾ ಸರಿಯಾಗಿ ಕೂರುತ್ತದೆ. ಗುಬ್ಬಿ, ನವಿಲು, ನೋಟೊ, ಬಲೂ ತಮ್ಮ, ಯಾವ ಯೂನಿಕೋಡ್ ಫಾಂಟ್ ಬೇಕಾದರೂ ಹಾಕಿಕೊಳ್ಳಬಹುದು, ಎಲ್ಲಾ ಉಚಿತ. ಹಳೇ ಕೋರಲ್ ಇಟ್ಟುಕೊಂಡಿರೋ ಅಂಗಡಿಗಳಲ್ಲಿ ಇದೇ ಬರಹವನ್ನು ಮೊದಲು ನುಡಿ ಆಸ್ಕಿಗೆ (ಯೂನಿಕೋಡ್ ಅಲ್ಲದ ಹಳೇ ಫಾಂಟ್ ಪದ್ಧತಿ) ಪರಿವರ್ತನೆ ಮಾಡಬೇಕು, ಆಮೇಲೆ ಅರ್ಕಾವತ್ತು ಎಲ್ಲಿ ಹೋಯಿತು ಅಂತ ಹುಡುಕಬೇಕು. ಇಲಸ್ಟ್ರೇಟರ್‌ನಲ್ಲೂ ಯೂನಿಕೋಡ್ ಸರಿ ಬರುತ್ತದೆ, ಸೆಟ್ಟಿಂಗ್‌ನಲ್ಲಿ ಭಾರತೀಯ ಭಾಷೆಗಳ ಆಯ್ಕೆ ಹಾಕಿಕೊಂಡರೆ.

ಉಳಿದ ಸಣ್ಣಪುಟ್ಟದ್ದು. ಸಿಡಿಆರ್ ಫೈಲು ಇಂಕ್‌ಸ್ಕೇಪ್‌ನಲ್ಲಿ ತೆರೆಯುತ್ತದೆ, ಪೂರ್ತಿ ಸರಿ ಬರಲ್ಲ. ಕಳಿಸೋರಿಗೆ ‘ಅಕ್ಷರ ಕರ್ವ್ ಮಾಡಿ ಪಿಡಿಎಫ್ ಕೊಡಿ ಅಣ್ಣ’ ಅನ್ನುತ್ತೇನೆ. ಪ್ರಿಂಟಿಂಗಿಗೆ ಬೇಕಾದ ನಾಲ್ಕು ಬಣ್ಣದ ಲೆಕ್ಕ ಇದರಲ್ಲಿ ಹಿಂದೆ. ರೇಡಿಯಂಗೆ ಬಣ್ಣ ರೋಲಿನಲ್ಲೇ ಇರೋದರಿಂದ ನನಗೆ ಚಿಂತೆಯಿಲ್ಲ. ಫೋಟೋ ಕೊಟ್ಟರೆ ತಾನೇ ಗೆರೆ ಎಳೆಯೋ ಆಟೋ ಟ್ರೇಸ್ ಮೂರರಲ್ಲೂ ಇದೆ, ಮೂರರಲ್ಲೂ ಕನ್ನಡ ಅಕ್ಷರಕ್ಕೆ ನೋಡ್ ಸುರಿಮಳೆ. ಅಫಿನಿಟಿ ಅನ್ನೋ ಇದೇ ಥರದ ಇನ್ನೊಂದು ಸಾಫ್ಟ್‌ವೇರನ್ನು 2025ರ ಅಕ್ಟೋಬರ್‌ನಲ್ಲಿ ಉಚಿತ ಮಾಡಿದ್ದಾರೆ. ಪೆನ್ ಚೆನ್ನಾಗಿದೆ, ಲಿನಕ್ಸ್‌ಗೆ ಇಲ್ಲ.

ಹಾಗಾದರೆ ನೀವು ಯಾವುದು ತಗೊಳ್ಳಬೇಕು? ಫ್ಲೆಕ್ಸ್ ಅಂಗಡಿಯಲ್ಲಿ ಸಂಬಳಕ್ಕೆ ಸೇರೋ ಹುಡುಗರು ಕೋರಲ್ ಕಲಿಯಲಿ. ಇಲ್ಲಿ ಕೇಳೋದೇ ಅದು, ಅಲ್ಲಿ ಸಾಫ್ಟ್‌ವೇರ್ ದುಡ್ಡು ಕೊಡೋದು ಅಂಗಡಿಯವರು. ದಿನಾ ಪುಸ್ತಕದ ಚಿತ್ರ, ಪ್ಯಾಕಿಂಗ್ ಡಿಸೈನ್ ಅಂತ ಮಾಡಿ ಡಾಲರ್‌ನಲ್ಲಿ ಸಂಪಾದನೆ ಮಾಡೋರು ಇಲಸ್ಟ್ರೇಟರ್‌ಗೆ ತಿಂಗಳ ಕಂತು ಕಟ್ಟಲಿ, ವಿಡ್ತ್ ಟೂಲ್ ಒಂದಕ್ಕೇ ವಸೂಲಾಗುತ್ತದೆ. ನನ್ನ ಹಾಗೆ ಒಬ್ಬರೇ ಇದ್ದು, ಒಂದು ಆಟೋ ಹೆಸರಿಗೆ ನೂರಿನ್ನೂರು ತಗೊಂಡು, ಕನ್ನಡ ಅಕ್ಷರವನ್ನು ಕೂತು ಎಳೆಯೋ ತಾಳ್ಮೆ ಇರೋರು ಇಂಕ್‌ಸ್ಕೇಪ್ ಹಾಕಿಕೊಳ್ಳಿ. 1.3 ಅಥವಾ ಅದರಿಂದ ಈಚಿನದೇ ಹಾಕಿಕೊಳ್ಳಿ, ಶೇಪ್ ಬಿಲ್ಡರ್ ಬೇಕೇ ಬೇಕು.

ಉಳಿದ ದುಡ್ಡನ್ನು ಬ್ಲೇಡಿಗೆ ಹಾಕಿ. ಮಾಮೂಲಿ ರೇಡಿಯಂಗೆ 45 ಡಿಗ್ರಿ ಬ್ಲೇಡ್ ನಡೆಯುತ್ತದೆ. ರಾತ್ರಿ ಹೊಳೆಯೋ ದಪ್ಪ ರಿಫ್ಲೆಕ್ಟಿವ್ ಹಾಳೆಗೆ 60 ಡಿಗ್ರಿಯದು ಬೇರೆ ಇಟ್ಟುಕೊಳ್ಳಿ.